ಪ್ಲಾಸ್ಟರ್ ಹಿಂದಿನ ದಿನ

ಮಾರನೇ ದಿನ ಗೋಡೆಗೆ ಪ್ಲಾಸ್ಟರ್ ಆಗುವುದಿತ್ತು. ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅಂತ ಬೆಳಿಗ್ಗೆ ಹೊಸ ಮನೆಗೆ ಹೋದವನು, ವಾಪಸ್ ಹೊರಟಾಗ ಕೈಯಲ್ಲಿ ಟಾರ್ಚ್ ಇತ್ತು.

ಮನೆಯ ನಕ್ಷೆಯ ಜೆರಾಕ್ಸ್ ಮೇಲೆ ಮೂರು ವಾರ ಗೀಚಿದ್ದೆ. ನೀಲಿ ಗೆರೆ ನೆಟ್‌ವರ್ಕಿಗೆ, ಕೆಂಪು ಸ್ಪೀಕರಿಗೆ, ಕಪ್ಪು ಕರೆಂಟಿಗೆ. ಮೊದಲ ನಕ್ಷೆಯಲ್ಲಿ ನಾಲ್ಕು ಕೋಣೆಯ ಸ್ಪೀಕರ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಎಳೆದಿದ್ದೆ. ವೈರ್ ಉಳಿಯುತ್ತದೆ ಅನ್ನುವ ಆಸೆ. ಆದರೆ 8 ಓಮ್‌ನ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ನಾಲ್ಕು ಸ್ಪೀಕರ್‌ಗಳನ್ನು ಹಾಗೆ ಪ್ಯಾರಲಲ್ ಆಗಿ ಜೋಡಿಸಿದರೆ ಆಂಪ್ಲಿಫೈಯರ್ ಪಾಲಿಗೆ ಉಳಿಯುವುದು 2 ಓಮ್. ನನ್ನದರ ಹಿಂಬದಿಯಲ್ಲಿ 4ಕ್ಕಿಂತ ಕೆಳಗೆ ಬೇಡ ಎಂದು ಬರೆದಿತ್ತು. ತಡೆ ಕಡಿಮೆಯಾದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ; ಸ್ವಲ್ಪ ಜೋರಾಗಿ ಹಾಡು ಹಾಕಿದರೂ ಅದು ಬಿಸಿಯಾಗಿ ಕೂರುತ್ತಿತ್ತು. ಹಾಗಾಗಿ ಒಂದೊಂದು ಸ್ಪೀಕರಿನ ವೈರೂ ಬೇರೆ ಬೇರೆಯಾಗಿ ಆಂಪ್ಲಿಫೈಯರ್ ಇಡುವ ಮೆಟ್ಟಿಲ ಕೆಳಗಿನ ಕಪಾಟಿಗೇ ಬರಬೇಕೆಂದು ನಕ್ಷೆ ತಿದ್ದಿದೆ. ನೆಟ್‌ವರ್ಕ್ ಕೇಬಲ್‌ಗಳದ್ದೂ ಅದೇ ದಾರಿ.

ಆ ಬೆಳಿಗ್ಗೆ ಹೋಗಿ ನೋಡಿದರೆ, ಹಾಲ್‌ನಲ್ಲಿ ನೀಲಿ ಗೆರೆಯೂ ಕಪ್ಪು ಗೆರೆಯೂ ಒಂದೇ ಪೈಪ್‌ನೊಳಗೆ ಹೋಗಿದ್ದವು.

"ಜಾಗ ಇತ್ತಲ್ಲಾ ಸಾರ್," ಎಂದರು ಎಲೆಕ್ಟ್ರಿಷಿಯನ್.

ಜಾಗದ ಮಾತಲ್ಲ, ಕರೆಂಟಿನ ವೈರ್ ಜೊತೆ ಡೇಟಾ ಕೇಬಲ್ ಇಡುವುದು ಅಪಾಯ, ಸಿಗ್ನಲ್ಲೂ ಹಾಳು. ಮಧ್ಯಾಹ್ನದವರೆಗೆ ಹೊಸದಾಗಿ ಗೋಡೆ ಕೊರೆದದ್ದಾಯಿತು. ಕರೆಂಟಿನ ಪೈಪಿನಿಂದ ಒಂದಡಿ ದೂರ, ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ನೆಟ್‌ವರ್ಕ್ ಕೇಬಲ್‌ಗಳ ತುದಿಗೆ ಆಗಲೇ ಪ್ಲಗ್ ಹಾಕಿದ್ದರು. ಕೇಬಲ್ ಟೆಸ್ಟರ್ ಸಿಕ್ಕಿಸಿದರೆ, ಒಳಗಿನ ಎಂಟು ತಂತಿಗೆ ಒಂದೊಂದರಂತೆ, 1ರಿಂದ 8ರವರೆಗೆ ಎಂಟೂ ದೀಪ ಸರಿಯಾಗಿ ಹತ್ತುತ್ತಿದ್ದವು. ಆದರೆ ಲ್ಯಾಪ್‌ಟಾಪ್ ಹಾಕಿದರೆ ವೇಗ ಸೆಕೆಂಡಿಗೆ 1000 ಮೆಗಾಬಿಟ್ ಬರಬೇಕಾದಲ್ಲಿ 100, ಅದೂ ಆಗಾಗ ಕಡಿದು ಹೋಗುತ್ತಿತ್ತು. ಕೇಬಲ್ಲೇ ಕಳಪೆಯೇನೋ ಎಂದು ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದೆ. ಒಳಗೂ ಕೆಂಪು. ತಾಮ್ರವೇ. ತಾಮ್ರ ಬಳಿದ ಅಲ್ಯೂಮಿನಿಯಂ ಆಗಿದ್ದರೆ ಬೆಳ್ಳಗಿರುತ್ತಿತ್ತು.

ಪ್ಲಗ್ ಅನ್ನು ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಬಿಳಿ-ಕಿತ್ತಳೆ, ಕಿತ್ತಳೆ. ಬಿಳಿ-ಹಸಿರು, ಹಸಿರು. ಬಿಳಿ-ನೀಲಿ, ನೀಲಿ. ಬಿಳಿ-ಕಂದು, ಕಂದು. ಜೋಡಿ ಜೋಡಿಯಾಗಿ, ನೋಡಲು ಬಲು ಚೆಂದ. ಆದರೆ ಹಸಿರು ಜೋಡಿ 3 ಮತ್ತು 6ನೇ ಜಾಗದಲ್ಲಿ ಕೂರಬೇಕು, ನೀಲಿ ಜೋಡಿ ಅದರ ನಡುವೆ.

"ಎರಡೂ ತುದಿ ಒಂದೇ ಥರ ಇದ್ದರೆ ಸಾಕಲ್ವಾ ಸಾರ್?"

ಟೆಸ್ಟರ್‌ಗೆ ಸಾಕು. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿತೇ ಅನ್ನುವುದಷ್ಟೇ ಅದಕ್ಕೆ ಬೇಕು. ಆದರೆ ಒಂದೇ ಸಿಗ್ನಲ್ಲಿನ ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಮಾತ್ರ ಅಕ್ಕಪಕ್ಕದ ಗದ್ದಲ ಕಳೆದುಹೋಗುತ್ತದೆ. ಇಲ್ಲಿ 3 ಮತ್ತು 6 ಸೇರಿ ಒಯ್ಯುವ ಸಿಗ್ನಲ್ಲಿಗೆ ಒಂದು ತಂತಿ ಹಸಿರು ಜೋಡಿಯದು, ಇನ್ನೊಂದು ನೀಲಿಯದು. ಹೆಣಿಗೆ ಇದ್ದೂ ಇಲ್ಲದಂತೆ.

ಹದಿನಾಲ್ಕು ಕೇಬಲ್, ಇಪ್ಪತ್ತೆಂಟು ತುದಿ. ಅವರು ಕತ್ತರಿಸುತ್ತಾ ಹೋದರು, ನಾನು ಬಣ್ಣ ಓದಿ ಹೇಳುತ್ತಾ ಹೋದೆ. ಆರನೇ ಕೇಬಲ್ ಹೊತ್ತಿಗೆ ಅವರಿಗೇ ಬಾಯಿಪಾಠವಾಗಿತ್ತು, ನಾನೇ ತಪ್ಪು ಹೇಳಿ ಬೈಸಿಕೊಂಡೆ. ಕೊನೆಗೆ ಲ್ಯಾಪ್‌ಟಾಪಿನಲ್ಲಿ 1000 ಕಂಡಾಗ ಇಬ್ಬರೂ ಮಾತಾಡಲಿಲ್ಲ, ಅಷ್ಟು ಸುಸ್ತು.

ಖಾಲಿ ಉಳಿದ ಪೈಪ್‌ಗಳಲ್ಲಿ ನೈಲಾನ್ ದಾರ ಎಳೆದಿಟ್ಟೆವು, ಮುಂದೆ ಇನ್ನೊಂದು ಕೇಬಲ್ ಬೇಕೆನಿಸಿದರೆ ಅದಕ್ಕೆ ಕಟ್ಟಿ ಎಳೆಯಬಹುದು. ಆಮೇಲೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದೆ. ಪೈಪ್ ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ, ಎಲ್ಲ ಕಾಣುವಂತೆ. ಮೆಟ್ಟಿಲ ಪಕ್ಕದ ಗೋಡೆಗೆ ಬರುವಷ್ಟರಲ್ಲಿ ಟಾರ್ಚ್ ಕೈಕೊಟ್ಟಿತು. ಆ ಗೋಡೆಗೆ ಇವತ್ತಿನವರೆಗೂ ನಾನು ಒಂದು ಮೊಳೆ ಹೊಡೆದಿಲ್ಲ.