ಒದ್ದೆ ಚೀಲದ ಲೆಕ್ಕ

10 ನವೆಂಬರ್ 2024, ಭಾನುವಾರ, ರಾತ್ರಿ 11.15
ದಾವಣಗೆರೆ

ನವಿಲುಗರಿ ಬೆಂಡು ಮೇಜಿನ ಮೇಲೆ, ನನ್ನ ಕಣ್ಣ ಮುಂದೆಯೇ ಇದೆ. ಗಾಳದ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡೋ ಬೆಂಡು, ನಮ್ಮ ಮೀನು ಹಿಡಿಯೋ ಪಂದ್ಯದ ಬಹುಮಾನ. ನಾಲ್ಕು ಪಂದ್ಯ ಕಾದ ಮೇಲೆ ಕೊನೆಗೂ ನಮ್ಮ ಮನೆಗೆ ಬಂತು. ಮಧ್ಯಾಹ್ನ ಮೇಷ್ಟ್ರು ತಮ್ಮ ಗಾಳದ ರಾಡಿನಿಂದ ಅದನ್ನು ಬಿಚ್ಚಿ ಕೈಗೆ ಕೊಟ್ಟಾಗ ಎಷ್ಟು ಖುಷಿಯಾಯಿತು ಅಂದರೆ, ದಾರಿಯುದ್ದಕ್ಕೂ, ಸಂತೇಬೆನ್ನೂರು ದಾಟಿದ ಮೇಲೂ, ಶರ್ಟಿನ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಈಗ ಮುಟ್ಟೋಕೆ ಮನಸ್ಸಾಗುತ್ತಿಲ್ಲ. ಅದು ನನ್ನದೋ ಅಲ್ಲವೋ ಗೊತ್ತಿಲ್ಲ.

ನೋಡೋಕೆ ಏನೂ ಇಲ್ಲ ಅದರಲ್ಲಿ. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದ. ತೋಟದಲ್ಲಿ ಬಿದ್ದಿದ್ದ ಗರಿಯ ಎಳೆಯೆಲ್ಲಾ ಕಿತ್ತು, ಬರೀ ದಂಟು ಉಳಿಸಿ, ತುದಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ, ಬುಡಕ್ಕೆ ಕರೀ ದಾರ ಸುತ್ತಿದ್ದಾರೆ. ಮೇಷ್ಟ್ರು ಮಾಡಿದ್ದು. ಬೆಳ್ಳಗಿದ್ದ ದಂಟು ಈಗ ಹಳದಿಗೆ ತಿರುಗಿದೆ. ಗೆದ್ದವರು ಮುಂದಿನ ಪಂದ್ಯದವರೆಗೆ ಇದನ್ನು ರಾಡಿಗೆ ಕಟ್ಟಿಕೊಳ್ಳಬೇಕು. ನಮ್ಮ ಪಂದ್ಯಕ್ಕೆ ದುಡ್ಡಿಲ್ಲ, ಕಪ್ಪಿಲ್ಲ, ಇದೇ ಎಲ್ಲಾ.

ಆಗಿದ್ದು ಇಷ್ಟು. ಕೆರೆಯಿಂದ ಬಂದವನೇ ಸ್ನಾನ ಮಾಡಿ ಮಲಗಿಬಿಟ್ಟಿದ್ದೆ. ಎದ್ದಾಗ ಏಳೂವರೆ. ಹಿತ್ತಲಿನಿಂದ ಇವಳು, "ರೀ, ಮೀನು ತೂಗೋ ಚೀಲ ಬಕೆಟ್‌ನಲ್ಲೇ ಬಿಟ್ಟಿದ್ದೀರಲ್ಲ, ಬೆಳಿಗ್ಗೆ ಹೊತ್ತಿಗೆ ಮನೆಯೆಲ್ಲಾ ನಾರುತ್ತೆ" ಅಂದಳು. ಒಗೆಯೋಣ ಅಂತ ಎತ್ತಿದೆ. ಕೈಗೆ ಭಾರ ಅನ್ನಿಸಿತು. ಏನೋ ಅನುಮಾನ ಬಂದು ತೂಕದ ಯಂತ್ರ ತಂದು ಕೊಕ್ಕೆಗೆ ಸಿಕ್ಕಿಸಿದೆ. 320 ಗ್ರಾಂ ತೋರಿಸಿತು.

ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೆ: ಚೀಲ 140.

ಈ ಚೀಲ ಹೊಸದು. ಮೊದಲೆಲ್ಲಾ ಈರುಳ್ಳಿ ಚೀಲದಂಥ ನೈಲಾನ್ ಜಾಲರಿಯಲ್ಲಿ ತೂಗುತ್ತಿದ್ದೆವು. ಅದು ನೀರು ಹಿಡಿಯುತ್ತಿರಲಿಲ್ಲ, ಆದರೆ ಮೀನಿನ ಮೈ ಮೇಲಿನ ಲೋಳೆಯನ್ನು ಉಜ್ಜಿ ತೆಗೆಯುತ್ತಿತ್ತು. ಲೋಳೆ ಹೋದ ಮೀನು ನೀರಿಗೆ ಬಿಟ್ಟ ಮೇಲೂ ಉಳಿಯುತ್ತೆ ಅಂತ ಹೇಳೋಕಾಗಲ್ಲ, ರೋಗ ಬೇಗ ಹತ್ತುತ್ತೆ. ಅದಕ್ಕೇ ದೀಪಾವಳಿ ರಜೆಯಲ್ಲಿ ಇವಳ ಕೈಲಿ ಹಳೇ ನೀಲಿ ಚೌಕಳಿ ಲುಂಗಿಯನ್ನು ಎರಡು ಪದರ ಮಾಡಿಸಿ ಹೊಲಿಸಿದೆ. ಚೆನ್ನಾಗಿದೆ, ಮೆತ್ತಗಿದೆ, ಒಳಗೆ ಹಾಕಿದರೆ ಮೀನು ಸುಮ್ಮನಾಗುತ್ತೆ. ಆದರೆ ಹತ್ತಿ ಬಟ್ಟೆ ನೀರು ಕುಡಿಯುತ್ತೆ ಅನ್ನೋದು ಪಂದ್ಯ ಆಡೋ ನಮ್ಮ ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಒಣಗಿದ್ದಾಗಿನ 140 ಅನ್ನೇ ಪ್ರತಿ ಸಲ ಕಳೆದು ಬರೆದಿದ್ದೇನೆ.

ಮತ್ತೆ ಮೂರು ಸಲ ಮುಳುಗಿಸಿ, ಕೆರೆಯ ಹತ್ತಿರ ಮಾಡಿದ ಹಾಗೇ ಒಂದು ಸಲ ಜಾಡಿಸಿ ತೂಗಿದೆ. 310, 330, 320. ಅಲ್ಲಿಗೆ ಒಂದೊಂದು ತೂಕಕ್ಕೂ 180 ಗ್ರಾಂ ನೀರು ಮೀನಿನ ಲೆಕ್ಕಕ್ಕೆ ಸೇರಿದೆ.

ಎಲ್ಲರಿಗೂ ಸೇರಿದೆ ತಾನೇ, ಸರಿಹೋಯ್ತಲ್ಲ ಅಂತ ಇವಳು ಅಂದಳು. ಸರಿಹೋಗಲ್ಲ. ನಾನು ಆರು ಸಲ ತೂಗಿಸಿದ್ದೆ. ಮೇಷ್ಟ್ರು ಮೂರೇ ಸಲ.

ಇಂಗ್ಲೆಂಡಿನಲ್ಲಿ ಗೆಂಡೆ ಮೀನಿನ ಪಂದ್ಯ ದೊಡ್ಡ ವಿಷಯ. ಕೆರೆ ಸುತ್ತ ಗೂಟ ಹೊಡೆದು ನಂಬರ್ ಹಾಕಿರುತ್ತಾರೆ, ಆಡುವವರು ಚೀಟಿ ಎತ್ತಬೇಕು, ಬಂದ ನಂಬರಿನಲ್ಲೇ ಐದಾರು ಗಂಟೆ ಕೂರಬೇಕು. ಹಿಡಿದ ಮೀನನ್ನೆಲ್ಲಾ ನೀರೊಳಗೆ ಇಳಿಬಿಟ್ಟ ಉದ್ದನೇ ಬಲೆಯಲ್ಲಿ ಇಟ್ಟುಕೊಂಡು, ಕೊನೆಯಲ್ಲಿ ತೂಗಿ, ಜೀವಂತ ವಾಪಸ್ ಬಿಡುತ್ತಾರೆ. ಒಟ್ಟು ತೂಕ ಯಾರದು ಜಾಸ್ತಿಯೋ ಅವರು ಗೆದ್ದರು. ಆ ವಿಡಿಯೋಗಳನ್ನು ನೋಡಿಯೇ ನಾವು ಚೀಟಿ ಶುರು ಮಾಡಿದ್ದು. ಅವರಲ್ಲಿ ತೂಗೋ ಚೀಲವನ್ನು ಮೊದಲು ನೀರಲ್ಲಿ ಅದ್ದಿ, ಹಿಂಡಿ, ಆಮೇಲೆ ತಕ್ಕಡಿಯನ್ನು ಸೊನ್ನೆಗೆ ತರುತ್ತಾರೆ. ಅದನ್ನೂ ಎಷ್ಟೋ ಸಲ ನೋಡಿದ್ದೇನೆ. ಒಣ ಬಟ್ಟೆ ಮೀನಿಗೆ ತಾಗಬಾರದು ಅಂತ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ತೂಕಕ್ಕೂ ಅದು ಬೇಕು ಅಂತ ಇವತ್ತು ರಾತ್ರಿ ಗೊತ್ತಾಯಿತು. ನಮ್ಮ ಹತ್ತಿರ ಅಂಥ ಉದ್ದನೇ ಬಲೆ ಇಲ್ಲ. ಹಿಡಿದ ತಕ್ಷಣ ಒಂದೊಂದೇ ತೂಗಿ ಬಿಟ್ಟುಬಿಡುತ್ತೇವೆ. ಅದರಿಂದಲೇ ಈ ಎಡವಟ್ಟು.

ಸೂಳೆಕೆರೆ ಇವತ್ತು ತುಂಬಾ ಚೆನ್ನಾಗಿತ್ತು, ಅದನ್ನು ಬರೆಯದೇ ಇದ್ದರೆ ಅನ್ಯಾಯ. ಎರಡು ಗುಡ್ಡದ ಮಧ್ಯೆ ಅಷ್ಟೇ ಅಷ್ಟು ಏರಿ, ಅದರ ಹಿಂದೆ ಕಣ್ಣಿಗೆ ಕಾಣೋವರೆಗೂ ನೀರು. ಶಾಂತವ್ವ ಕಟ್ಟಿಸಿದಳು ಅಂತ ಹೇಳುತ್ತಾರಲ್ಲ, ಆ ಜಾಗ ಆರಿಸಿದ ಕಣ್ಣು ಎಂಥದ್ದು ಅಂತ ಪ್ರತಿ ಸಲ ಅನ್ನಿಸುತ್ತದೆ. ಕೆರೆಯ ಮೀನು ಗುತ್ತಿಗೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಂಡಿದ್ದೆವು. ಆರೂವರೆಗೆ ಚೀಟಿ ಎತ್ತಿದೆವು, ನನಗೆ ಎರಡು, ಮೇಷ್ಟ್ರಿಗೆ ಐದು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಗಾಳಿ ತಳ್ಳಿದ ಕಡೆ ನೀರಲ್ಲಿ ತೇಲೋ ತಿಂಡಿ ಸೇರುತ್ತೆ, ಹಿಂದೆಯೇ ಮೀನೂ ಬರುತ್ತೆ.

ನನ್ನದು ತಳದ ಆಟ. ಮಂಡಿಯಲ್ಲಿ ಈಗ ಮೆಕ್ಕೆಜೋಳದ ಸೀಜನ್ನು, ಲಾರಿ ಮೇಲೆ ಲಾರಿ. ಸ್ಯಾಂಪಲ್ಲಿಗೆ ತೆಗೆದ ಕಾಳಿನಲ್ಲಿ ಒಂದು ಸೇರು ಕೇಳಿ ತಂದು, ಒಂದು ದಿನ ಪೂರ್ತಿ ನೆನೆಹಾಕಿ, ಕಾಳು ಬಾಯಿ ಬಿಡೋವರೆಗೂ ಬೇಯಿಸಿದ್ದೆ. ಹಸೀ ಕಾಳು ಹಾಕಲೇಬಾರದು, ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತೆ. ಗೆಂಡೆಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ನಾಲ್ಕು ಮೀಸೆಯಲ್ಲಿ ಕೆಸರು ತಡವಿ, ಕಾಳನ್ನು ಒಳಗೆಳೆದು, ರುಚಿ ನೋಡಿ, ಹಿಡಿಸದಿದ್ದರೆ ಉಗಿದುಬಿಡುತ್ತೆ. ಆ ಒಳಗೆಳೆದು ಉಗಿಯೋ ಮಧ್ಯೆ ಗಾಳ ಸಿಕ್ಕಬೇಕು. ಸಿಕ್ಕಿದರೆ ಒಂದೂವರೆ, ಎರಡು ಕೆಜಿಯವು. ಸಣ್ಣವು, ಆದರೆ ಜಾಸ್ತಿ.

ಮೇಷ್ಟ್ರದು ಮೇಲಿನ ನೀರು. ಕಾಟ್ಲಾ ಮೀನಿನ ಬಾಯಿ ಮೇಲ್ಮುಖ, ಅದು ತಳಕ್ಕೆ ಬಂದು ತಿನ್ನೋದು ಅಪರೂಪ. ಮಂಡಕ್ಕಿಯ ಪುಡಿ, ಶೇಂಗಾ ಹಿಂಡಿ ಕಲಸಿ ಉಂಡೆ ಕಟ್ಟಿ, ಬೆಂಡಿನ ಕೆಳಗೆ ಮೂರು ಅಡಿಗೇ ಗಾಳ ಬಿಡುತ್ತಾರೆ. ಉಂಡೆ ನೀರಲ್ಲಿ ನಿಧಾನ ಕರಗಿ ಹೊಗೆಯ ಹಾಗೆ ಹರಡುತ್ತೆ. ಆ ಮಂಡಕ್ಕಿ ಪುಡಿ ತಂದುಕೊಡೋದು ಮಂಡಕ್ಕಿ ಹುರಿಯೋ ಭಟ್ಟಿಯ ಚಾಚಾ, ತಾನೂ ಪಂದ್ಯದಲ್ಲಿದ್ದುಕೊಂಡು. ಎರಡು ಗಂಟೆ ಬೆಂಡು ಅಲ್ಲಾಡೋದಿಲ್ಲ, ಮೇಷ್ಟ್ರೂ ಅಲ್ಲಾಡೋದಿಲ್ಲ. ಆಮೇಲೆ ಮೂರು ಕೆಜಿ, ನಾಲ್ಕು ಕೆಜಿಯದು ಬರುತ್ತೆ.

ಅವರ ಮನೆಯಲ್ಲಿ ಮೀನು ತಿನ್ನೋದಿಲ್ಲ. ಹಿಡಿದದ್ದನ್ನು ಬಿಡಬೇಕು ಅನ್ನೋ ನಿಯಮ ಅವರದೇ. ಚಾಚಾ ಮೊದಮೊದಲು ಎಷ್ಟು ಸಂಕಟಪಡುತ್ತಿದ್ದರು! ಈಗ ಅವರೇ ಎಲ್ಲರಿಗಿಂತ ಮೆಲ್ಲಗೆ ಬಿಡುವುದು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಅದಾಗೇ ಬಾಲ ಬಡಿದು ಹೋಗೋವರೆಗೂ ಹಿಡಿದಿರುತ್ತಾರೆ.

ನೋಟ್‌ಬುಕ್ಕಿನಲ್ಲಿ ಇರೋದು ಹೀಗೆ. ನಾನು: 1.420, 2.110, 1.760, 2.380, 1.650, 1.920. ಒಟ್ಟು 11.240. ಮೇಷ್ಟ್ರು: 3.140, 4.260, 3.460. ಒಟ್ಟು 10.860. ನಾನು 380 ಗ್ರಾಂ ಮುಂದೆ. ಉಳಿದ ಮೂವರದು ಐದು ಕೆಜಿ ದಾಟಲಿಲ್ಲ.

ಈಗ ನೀರು ಕಳೆದರೆ, ನನ್ನದರಲ್ಲಿ ಆರು ಸಲ 180, ಅಂದರೆ 1.080. ಉಳಿದದ್ದು 10.160. ಅವರದರಲ್ಲಿ ಮೂರು ಸಲ, 540. ಉಳಿದದ್ದು 10.320.

ಎಂಟೂಮುಕ್ಕಾಲಿಗೆ ಫೋನ್ ಮಾಡಿದೆ.

"ಮೇಷ್ಟ್ರೇ, ಮಲಗಿದ್ರಾ?"

"ಇಲ್ಲಪ್ಪ. ಬೆಂಡು ಎಲ್ಲಿ ಇಟ್ಟೆ? ಹುಡುಗರ ಕೈಗೆ ಸಿಗೋ ಹಂಗೆ ಇಡಬೇಡ."

"ಬೆಂಡು ನಿಮ್ದೇ ಮೇಷ್ಟ್ರೇ. ನಾನು ಗೆದ್ದಿಲ್ಲ."

ಎಲ್ಲಾ ಹೇಳಿದೆ. ಮಧ್ಯ ಒಂದು ಮಾತೂ ಆಡಲಿಲ್ಲ. ಕೊನೆಗೆ, "ತಡಿ, ಪೆನ್ನು ತಗೋತೀನಿ" ಅಂದರು. ಅಷ್ಟು ವರ್ಷ ಗಣಿತ ಹೇಳಿದವರು, ಬಾಯಿ ಲೆಕ್ಕ ನಂಬುವುದಿಲ್ಲ. ಒಂದೊಂದೇ ಅಂಕಿ ಓದಿಸಿದರು. ಕೂಡುವಾಗ ಗುನುಗೋದು ಕೇಳಿಸುತ್ತಿತ್ತು, ಎರಡು ಬಂತು, ಕೈಯಲ್ಲಿ ಒಂದು, ಹೀಗೆ. ಎರಡು ಸಲ ತಾಳೆ ನೋಡಿದರು.

"ಲೆಕ್ಕ ತಪ್ಪು" ಅಂದರು.

"ಎಲ್ಲಿ?"

"ಮೊದಲನೇ ಮೀನು ಯಾರ್ದು? ನಿಂದು. ಏಳೂ ಇಪ್ಪತ್ತಕ್ಕೆ. ಆವಾಗ ಚೀಲ ಒಣಗಿತ್ತು. ಒಣ ಚೀಲಕ್ಕೆ 180 ಯಾಕೆ ಕಳೀತೀಯ? ಐದೇ ಸಲ ಕಳಿ. 900. ನಿಂದು 10.340, ನಂದು 10.320. 20 ಗ್ರಾಂನಲ್ಲಿ ನೀನೇ ಗೆದ್ದೆ. ಮಲಕ್ಕೋ."

ನಾನು ಬಿಡಲಿಲ್ಲ. ಒದ್ದೆ ಮೀನು ಹಾಕಿದ ಮೇಲೆ ಚೀಲ ಒಣಗಿರೋದು ಹೇಗೆ ಅಂದೆ. ಮೀನಿನ ಮೈಮೇಲಿನ ನೀರು ಎಲ್ಲರ ಮೀನಿಗೂ ಇರುತ್ತೆ, ಅದು ಈ ಲೆಕ್ಕಕ್ಕೆ ಬರಲ್ಲ, ಚೀಲ ಕೆರೆಯಲ್ಲಿ ಮುಳುಗಿತ್ತಾ ಇಲ್ಲವಾ ಅಷ್ಟೇ ಪ್ರಶ್ನೆ ಅಂದರು. ಚಾಚಾ ಚೀಲ ಕೊಡೋ ಮುಂಚೆ ಅದ್ದಿಯೇ ಕೊಟ್ಟಿರುತ್ತಾರೆ ಅಂದೆ. ನೀನು ನೋಡಿದ್ಯಾ ಅಂದರು. ಇಲ್ಲ, ನಾನು ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದೆ. ನೋಡದೇ ಹೆಂಗೆ ಹೇಳ್ತೀಯ ಅಂದರು. ನೀವು ನೋಡಿದ್ರಾ ಅಂದೆ. ಇಬ್ಬರದೂ ದನಿ ಏರಿತು. ಯಾರ ಹತ್ತಿರ ಜಗಳ ಆಡುತ್ತಿದ್ದೇನೆ ಅಂತ ಇವಳು ಹೊರಗೆ ಬಂದು ನೋಡಿ ಹೋದಳು. ಅವರು ನಾನು ಗೆದ್ದೆ ಅಂತ, ನಾನು ಅವರು ಗೆದ್ದರು ಅಂತ, ಇಪ್ಪತ್ತು ನಿಮಿಷ.

ಕೊನೆಗೆ ಅವರಿಗೆ ಸಿಟ್ಟೇ ಬಂತು. "ನನಗೆ ದಾನ ಕೊಡ್ತೀಯೇನೋ?"

"ದಾನ ಅಲ್ಲ ಮೇಷ್ಟ್ರೇ. ನಾಲ್ಕು ಸಲ ನಿಮ್ಮ ಹತ್ರ ಸೋತಿದೀನಿ. ಗೆದ್ರೆ ಸರಿಯಾಗಿ ಗೆಲ್ಲಬೇಕು ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆತ್ತಗೆ ಹೇಳಿದರು: "ಮಧ್ಯಾಹ್ನ ಬೆಂಡು ಬಿಚ್ಚೋವಾಗ ನನಗೆ ಬೇಜಾರಾಗಿತ್ತು ಕಣಪ್ಪ. ನಿನ್ನ ಮುಂದೆ ತೋರಿಸಲಿಲ್ಲ. ದಾರದ ಗಂಟು ಬಿಚ್ಚೋಕೆ ಅಷ್ಟು ಹೊತ್ತು ಬೇಕಿರಲಿಲ್ಲ. ವಾಪಸ್ ಬಂದ್ರೆ ಖುಷೀನೇ. ಆದ್ರೆ ಹೊಂದಿಸಿ ಕೊಟ್ರೆ ಬೇಡ."

ಗಂಟು ಬಿಚ್ಚೋಕೆ ತಡವಾದಾಗ ನಾನು ಅವರ ವಯಸ್ಸಾದ ಬೆರಳುಗಳನ್ನು ನೋಡುತ್ತಿದ್ದೆ. ಮುಖ ನೋಡಿರಲಿಲ್ಲ.

ಚಾಚಾಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಭಟ್ಟಿಗೆ ಬೇಗ ಏಳಬೇಕಲ್ಲ, ಆಗಲೇ ಮಲಗಿರುತ್ತಾರೆ. ನಾಳೆ ಮಂಡಿಗೆ ಹೋಗೋ ಮುಂಚೆ ಭಟ್ಟಿ ಕಡೆ ಹೋಗಿ ಬರಬೇಕು. ಬೆಳಿಗ್ಗೆಯೇ ಐದು ಲಾರಿ ಲೋಡ್ ಇದೆ, ಆದರೂ ಹೋಗುತ್ತೇನೆ.

ಆಮೇಲೆ ನೆನಪಾಯಿತು, ಮೊದಲ ಮೀನಿನ ಫೋಟೋ ಮೊಬೈಲ್‌ನಲ್ಲಿದೆ. ತಕ್ಕಡಿಗೆ ನೇತುಹಾಕಿದಾಗ ತೆಗೆದದ್ದು. ಮೇಷ್ಟ್ರಿಗೂ ಕಳಿಸಿದೆ. ಅರ್ಧ ಗಂಟೆಯಿಂದ ಅದನ್ನೇ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಲುಂಗಿಯ ಚೌಕಳಿ ಕೆಳಗಿನಿಂದ ಮೂರನೇ ಗೆರೆವರೆಗೆ ಕಪ್ಪಗಾಗಿದೆ. ಅದರ ಮೇಲೆ ತಿಳಿ ನೀಲಿ. ಮುಳುಗಿಸಿದ್ದರೆ ಪೂರ್ತಿ ಕಪ್ಪಗಿರಬೇಕಿತ್ತು ಅಲ್ವಾ? ಹಾಗಾದರೆ ಮೇಷ್ಟ್ರು ಹೇಳಿದ್ದೇ ಸರಿ. ಆದರೆ ಬಿಸಿಲು ಆ ಕಡೆಯಿಂದಲೇ ಬೀಳುತ್ತಿದೆ, ಒದ್ದೆ ಬಟ್ಟೆಯೂ ಬಿಸಿಲಿಗೆ ಹೊಳೆದರೆ ತಿಳಿಯಾಗಿ ಕಾಣಬಹುದು.

ಈಗ ತಾನೇ ಮೇಷ್ಟ್ರ ಮೆಸೇಜ್ ಬಂತು. 11.52. "ಭೂತಕನ್ನಡಿ ಇಟ್ಟು ನೋಡಿದೆ. ಮೇಲೆ ಎಡಗಡೆ ಹಿಡಿಕೆಯ ಹತ್ತಿರ ನೋಡು. ಅಲ್ಲಿಂದ ನೀರು ತೊಟ್ಟಿಕ್ತಾ ಇದೆ. ನಾನು ಹೇಳಿದ್ದು ತಪ್ಪಿರಬಹುದು."

ನೋಡಿದೆ. ಹಿಡಿಕೆಯ ಹೊಲಿಗೆ ಹತ್ತಿರ ಬಿಳೀ ಚುಕ್ಕೆ ಒಂದು ಇದೆ, ಹನಿಯೇ ಇರಬೇಕು, ಮೀನು ಅಷ್ಟು ಮೇಲೆ ತಾಗಿರೋಕೆ ಸಾಧ್ಯವಿಲ್ಲ, ಅಂದರೆ ಚಾಚಾ ಅದ್ದಿಯೇ ಕೊಟ್ಟಿದ್ದರು, ಅಥವಾ ನನ್ನ ಕೈಯೇ ಒದ್ದೆಯಿತ್ತಾ, ಹಿಡಿಕೆ ಹಿಡಿದವನು ನಾನೇ ಅಲ್ವಾ, ಅದಕ್ಕೂ ಮುಂಚೆ ಗಾಳ ಬಿಡಿಸೋವಾಗ ಕೈ ನೀರಲ್ಲಿ