ಕಿಟಕಿಯಿಂದ ಮಂಚದವರೆಗೆ

ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡುವುದಕ್ಕೆ ಅಂತಲೇ ಒಂದು ಜಾಗ ಇದೆ. ಮಲಗುವ ಕೋಣೆಯ ಕಿಟಕಿ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಸುಮ್ನೆ ಅದರ ಪಕ್ಕ ನಿಂತರೆ ಸಾಲದು. ಎಡಗೈಯಲ್ಲಿ ಸರಳು ಹಿಡಿದು, ಫೋನಿರುವ ಕಿವಿಯನ್ನು ಸರಳಿಗೆ ಒತ್ತಿ, ಸ್ವಲ್ಪ ಬಗ್ಗಿ ನಿಲ್ಲಬೇಕು. ಕೆಳಗಿನಿಂದ ನೋಡುವವರಿಗೆ ನಾನು ಜೈಲಿನಿಂದ ಯಾರನ್ನೋ ಬೇಡಿಕೊಳ್ಳುತ್ತಿರುವ ಹಾಗೆ ಕಾಣುತ್ತೇನಂತೆ. ಹೇಳಿದ್ದು ಎದುರು ಮನೆಯವರು.

ಮೊನ್ನೆ ಬುಧವಾರ ಬೆಳಿಗ್ಗೆ 11 ಗಂಟೆಗೆ ಒಂದು ಕೆಲಸದ ಸಂದರ್ಶನ ಇತ್ತು, ಫೋನಿನಲ್ಲೇ. ಮುಕ್ಕಾಲು ಗಂಟೆ ಮುಂಚೆಯೇ ಸರಳು ಹಿಡಿದು ನಿಂತಿದ್ದೆ. ಸರಿಯಾದ ಸಮಯಕ್ಕೆ ಫೋನ್ ಬಂತು. "ನಿಮ್ಮ ಬಗ್ಗೆ ಹೇಳಿ" ಎಂದರು. ಹೇಳಿದೆ. ಎರಡು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆನಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ಮುಗಿಸಿ, ಅವರು ಏನಾದರೂ ಅನ್ನುತ್ತಾರೆ ಅಂತ ಕಾದೆ. ಸದ್ದಿಲ್ಲ. ಫೋನ್ ಇಳಿಸಿ ನೋಡಿದರೆ ಕರೆ ಯಾವಾಗಲೋ ಕಟ್ಟಾಗಿದೆ. ಅವಧಿ 38 ಸೆಕೆಂಡ್. ಉಳಿದ ಮೂರು ನಿಮಿಷ ನಾನು ನನ್ನ ಸಾಧನೆಗಳನ್ನೆಲ್ಲ ಹೇಳಿಕೊಂಡಿದ್ದು ಕಿಟಕಿಯ ಸರಳಿಗೆ. ಮಾತಿನ ಹುಮ್ಮಸ್ಸಿನಲ್ಲಿ ಅರ್ಧ ಹೆಜ್ಜೆ ಒಳಗೆ ಬಂದುಬಿಟ್ಟಿದ್ದೆ ಅನ್ನಿಸುತ್ತದೆ.

ಪಾಪ, ಅವರೇ ಇನ್ನೆರಡು ಸಲ ಮಾಡಿದರು. ಒಂದು ಸಲ ಅವರ ಮಾತು ನನಗೆ ಕೇಳಿಸಲಿಲ್ಲ, ಇನ್ನೊಂದು ಸಲ ನನ್ನದು ಅವರಿಗೆ. ಕೊನೆಗೆ "ಇನ್ನೊಂದು ದಿನ ನೋಡೋಣ" ಎಂಬ ಮೆಸೇಜ್ ಬಂತು. ಆ ಇನ್ನೊಂದು ದಿನ ಇನ್ನೂ ಬಂದಿಲ್ಲ.

ಸಿಟ್ಟು ನೆತ್ತಿಗೇರಿ ಮೊಬೈಲ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಅದಕ್ಕೆ ಒಂದು ಒತ್ತಿ, ಇದಕ್ಕೆ ಎರಡು ಒತ್ತಿ. ಮನುಷ್ಯರ ಜೊತೆ ಮಾತಾಡುವುದಕ್ಕೆ ಯಾವುದನ್ನು ಒತ್ತಬೇಕು ಅನ್ನುವುದನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಹೇಳುತ್ತಾರೆ. ಒತ್ತಿದೆ. "ನಮ್ಮ ಎಲ್ಲ ಪ್ರತಿನಿಧಿಗಳೂ ಬೇರೆ ಕರೆಗಳಲ್ಲಿದ್ದಾರೆ. ನಿಮ್ಮ ಕರೆ ನಮಗೆ ಅಮೂಲ್ಯ." ಆಮೇಲೆ ಸಂಗೀತ. ನಡುನಡುವೆ ಅವರದೇ ಜಾಹೀರಾತು. ಯಾರೋ ಬೆಟ್ಟದ ತುದಿಯಲ್ಲಿ ನಿಂತು ಅಜ್ಜಿಗೆ ವಿಡಿಯೋ ಕಾಲ್ ಮಾಡುತ್ತಾನೆ, ಅಜ್ಜಿ ನಗುತ್ತಾರೆ. ನಾನು ಬೆಟ್ಟದ ಮೇಲಿಲ್ಲ ಸ್ವಾಮಿ, ಮಲಗುವ ಕೋಣೆಯಲ್ಲಿದ್ದೇನೆ.

ಇಲ್ಲೊಂದು ಮಾತು ಹೇಳಲೇಬೇಕು. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಎರ್ಲಾಂಗ್ ಅನ್ನುವ ಗಣಿತಜ್ಞ ಇದ್ದರು. ಎಷ್ಟು ಕರೆ ಬಂದರೆ ಎಷ್ಟು ಲೈನು ಬೇಕು, ಕಡಿಮೆ ಇಟ್ಟರೆ ಜನ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಅನ್ನುವುದಕ್ಕೆ ಅವರು 1917ರಲ್ಲೇ ಸೂತ್ರ ಬರೆದಿಟ್ಟರು. ಕಾಲ್ ಸೆಂಟರಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವುದಕ್ಕೆ ಇವತ್ತಿಗೂ ಅದೇ ಸೂತ್ರ ಬಳಸುತ್ತಾರೆ. ಅಂದಮೇಲೆ ನಾನು 22 ನಿಮಿಷ ಕಾದಿದ್ದು ಆಕಸ್ಮಿಕ ಅಲ್ಲ. ಇಷ್ಟು ಕಾಯಿಸಿದರೆ ನಡೆಯುತ್ತದೆ ಅಂತ ಯಾರೋ ಕೂತು ಲೆಕ್ಕ ಹಾಕಿದ್ದಾರೆ.

ಕೊನೆಗೊಬ್ಬ ಹುಡುಗ ಸಿಕ್ಕ. ತುಂಬಾ ಮರ್ಯಾದೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲ ಕೇಳಿಸಿಕೊಂಡು "ಸರ್, ಒಂದು ಸಲ ಫೋನ್ ಆಫ್ ಮಾಡಿ ಆನ್ ಮಾಡಿ" ಎಂದ.

"ಆಫ್ ಮಾಡಿದರೆ ನೀವೂ ಹೋಗ್ತೀರಲ್ವಾ?"

ಸ್ವಲ್ಪ ಹೊತ್ತು ಮೌನ. "ಹಾಗಾದ್ರೆ ಏರೋಪ್ಲೇನ್ ಮೋಡ್ ಹಾಕಿ ತೆಗೀರಿ ಸರ್."

ಅದಕ್ಕೂ ಅವನು ಹೋಗುತ್ತಾನೆ ಅಂತ ವಿವರಿಸಿದೆ. ಆಗ ಅವನು ಕೊನೆಯ ಬಾಣ ಬಿಟ್ಟ. "ನಮ್ಮ ಮ್ಯಾಪ್‌ನಲ್ಲಿ ನಿಮ್ಮ ಏರಿಯಾ ಪೂರ್ತಿ ಹಸಿರು ತೋರಿಸ್ತಿದೆ ಸರ್. ಕವರೇಜ್ ತುಂಬಾ ಚೆನ್ನಾಗಿದೆ."

ಆ ಹಸಿರಿನ ಗುಟ್ಟು ಇಷ್ಟೇ. ಟವರ್ ಎಲ್ಲಿದೆ, ನೆಲ ಹೇಗಿದೆ ಅಂತ ನೋಡಿ ಕಂಪ್ಯೂಟರು ಬಣ್ಣ ತುಂಬುತ್ತದೆ. ಅದು ಸಾಮಾನ್ಯವಾಗಿ ಬಯಲಿನಲ್ಲಿ ನಿಂತವನ ಲೆಕ್ಕ. ಕಾಂಕ್ರೀಟು ಗೋಡೆ, ಅದರೊಳಗಿನ ಕಬ್ಬಿಣ ಸಿಗ್ನಲನ್ನು ನುಂಗುತ್ತವೆ. ತರಂಗದ ಆವರ್ತನ ಹೆಚ್ಚಾದಷ್ಟೂ ಗೋಡೆ ದಾಟುವುದು ಕಷ್ಟ. ಜನ ಫೋನಿನಲ್ಲಿ ಜಾಸ್ತಿ ಮಾತಾಡುವುದು ಮನೆಯೊಳಗೆ, ಹಸಿರು ಬಳಿಯುವುದು ಹೊರಗೆ.

ಫೋನಿನ ಮೇಲಿನ ಕಡ್ಡಿಗಳನ್ನಾದರೂ ನಂಬೋಣ ಅಂದರೆ ಅದೂ ಇಲ್ಲ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಅನ್ನುವುದನ್ನು ಫೋನ್ ಮಾಡುವವರೇ ತಮಗೆ ತೋಚಿದಂತೆ ಇಟ್ಟುಕೊಂಡಿರುತ್ತಾರೆ. ತಮ್ಮ ಕಡ್ಡಿಯ ಲೆಕ್ಕ ಪೂರ್ತಿ ತಪ್ಪು, ಎಷ್ಟೋ ಕಡೆ ಎರಡು ಕಡ್ಡಿ ಹೆಚ್ಚಿಗೆ ತೋರಿಸುತ್ತಿತ್ತು ಅಂತ 2010ರಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತ್ತು. ನಾನು ಸೆಟಿಂಗ್ಸ್ ಒಳಗೆ ಹೊಕ್ಕು ನಿಜವಾದ ಅಂಕಿ ಹುಡುಕಿದೆ. ಅದನ್ನು ಡಿಬಿಎಂ ಅನ್ನುವ, ಸಿಗ್ನಲಿನ ಶಕ್ತಿಯ ಅಳತೆಯಲ್ಲಿ ತೋರಿಸುತ್ತದೆ. ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ. ಕಿಟಕಿಯಲ್ಲಿ ಮೈನಸ್ 88. ಮಂಚದ ಹತ್ತಿರ ಮೈನಸ್ 112. ಕಡ್ಡಿಯಲ್ಲಿ ನೋಡಿದರೆ ಎರಡೇ ಎರಡು ಕಡ್ಡಿ ಕಮ್ಮಿ. ಆದರೆ ಈ ಅಳತೆಯಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. 24 ಅಂದರೆ ಸುಮಾರು 250 ಪಟ್ಟು! ಕಿಟಕಿಯಿಂದ ಮಂಚಕ್ಕೆ ನಾಲ್ಕು ಹೆಜ್ಜೆ.

ಆವತ್ತು ಕೂತು ಅವರ ಜಾಹೀರಾತನ್ನು ಮತ್ತೊಮ್ಮೆ ನೋಡಿದೆ. ಮಿಂಚಿನ ವೇಗದ ಅಂಕಿ ಅಂಗೈ ಅಗಲ ಇದೆ. ಅದರ ಬಾಲಕ್ಕೆ ಇರುವೆ ಗಾತ್ರದಲ್ಲಿ "ವರೆಗೆ" ಅಂತ ಅಂಟಿಸಿದ್ದಾರೆ. ಈ "ವರೆಗೆ" ಇದೆಯಲ್ಲ, ಅದು ಕಂಪನಿಯವರ ಬ್ರಹ್ಮಾಸ್ತ್ರ. ಸೊನ್ನೆ ಕೊಟ್ಟರೂ ಅದು ನೂರರವರೆಗೆ ಅನ್ನುವುದರ ಒಳಗೇ ಬರುತ್ತದೆ. ಅನ್‌ಲಿಮಿಟೆಡ್ ಅನ್ನುವುದರ ತಲೆ ಮೇಲೊಂದು ನಕ್ಷತ್ರ. ಆ ನಕ್ಷತ್ರ ಹಿಡಿದು ಕೆಳಗಿಳಿದರೆ ಲಿಮಿಟ್ ಸಿಗುತ್ತದೆ. ಇನ್ನು ತಿಂಗಳ ಪ್ಯಾಕ್ ಅಂದರೆ 28 ದಿನ, ವರ್ಷಕ್ಕೆ 13 ಸಲ ದುಡ್ಡು. ಕಂಪನಿಯವರ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳೂ ಫೆಬ್ರವರಿ.

ಸಂಜೆ ಮೆಸೇಜ್ ಬಂತು. "ನಿಮ್ಮ ದೂರನ್ನು ಪರಿಹರಿಸಲಾಗಿದೆ." ಅದರ ಹಿಂದೆಯೇ ಇನ್ನೊಂದು, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ.

ಅಂಕ ಕೊಡಲಿಲ್ಲ. ಇದೇ ನಂಬರನ್ನು ಬೇರೆ ಕಂಪನಿಗೆ ಬದಲಾಯಿಸಲು ಅರ್ಜಿ ಹಾಕಿದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಅವರೇ ಫೋನ್ ಮಾಡಿದರು! ಒತ್ತುವುದೂ ಇಲ್ಲ, ಕಾಯುವುದೂ ಇಲ್ಲ. ಸಕ್ಕರೆಯಂಥ ದನಿ. "ನಿಮ್ಮಂಥ ಹಳೇ ಗ್ರಾಹಕರನ್ನ ಕಳ್ಕೊಳ್ಳೋಕೆ ನಮಗೆ ಇಷ್ಟ ಇಲ್ಲ ಸರ್. ನಿಮಗಾಗಿಯೇ ಒಂದು ಸ್ಪೆಷಲ್ ಆಫರ್ ಇದೆ, ಹೇಳ್ಲಾ?"

"ಹೇಳಿ" ಎಂದೆ. ಸರಳು ಬಿಟ್ಟೆ. ಒಂದೊಂದೇ ಹೆಜ್ಜೆ ಒಳಗೆ ನಡೆದೆ. ಡೇಟಾ ಡಬಲ್ ಅನ್ನುವವರೆಗೆ ಸ್ಪಷ್ಟವಾಗಿ ಕೇಳಿಸಿತು. ಮೂರನೇ ಹೆಜ್ಜೆಗೆ ದನಿ ಗರಗರ ಅಂದಿತು.

"ಹಲೋ? ಸರ್? ಕೇಳಿಸ್ತಿದೆಯಾ ಸರ್?"

"ಕೇಳಿಸ್ತಿದೆ, ಹೇಳಿ ಹೇಳಿ" ಎನ್ನುತ್ತಾ ಮಂಚದ ಮೇಲೆ ಕೂತೆ.