ಮೇಡಂ, ಅದಕ್ಕೆ ಎಷ್ಟಾಗುತ್ತೆ?

ಬಿಇ, ಬಿಎಸ್‌ಸಿ ಓದುತ್ತಿರುವಾಗಲೇ ವಿದೇಶದ ಲ್ಯಾಬಿನಲ್ಲಿ ಎರಡು-ಮೂರು ತಿಂಗಳು ರಿಸರ್ಚ್ ಇಂಟರ್ನ್‌ಶಿಪ್ ಮಾಡಬಹುದು ಎಂದು ಕ್ಲಾಸಿನಲ್ಲಿ ಹೇಳಿದರೆ ಸಾಕು, ಸ್ಟಾಫ್ ರೂಮಿಗೆ ಯಾರಾದರೂ ಬಂದೇ ಬರುತ್ತಾರೆ. ಎಷ್ಟೋ ಸಲ ಅಪ್ಪಂದಿರೇ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: "ಮೇಡಂ, ಅದಕ್ಕೆ ಎಷ್ಟಾಗುತ್ತೆ?"

ನಾನು ಹೇಳುವುದೂ ಒಂದೇ. ಅವರು ನಿಮ್ಮ ಹತ್ತಿರ ಫೀಸು ಕೇಳಿದರೆ ಹೋಗಬೇಡಿ. ನಿಜವಾದ ಇಂಟರ್ನ್‌ಶಿಪ್‌ನಲ್ಲಿ ದುಡ್ಡು ಕೊಡುವವರು ಅವರು. ಜಪಾನಿನ ಓಕಿನಾವಾದಲ್ಲಿರುವ ಓಐಎಸ್‌ಟಿ ಎಂಬ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯ ವಿಮಾನದ ಟಿಕೆಟ್ಟು, ಉಳಿಯಲು ಕೋಣೆ, ದಿನದ ಭತ್ಯೆ ಎಲ್ಲ ಕೊಡುತ್ತದೆ. ಸೌದಿಯ ಕೌಸ್ಟ್ ವಿಶ್ವವಿದ್ಯಾಲಯದ್ದೂ ಹೆಚ್ಚುಕಮ್ಮಿ ಹಾಗೆಯೇ. ಕೆನಡಾದ ಮೈಟ್ಯಾಕ್ಸ್ ಸಂಸ್ಥೆಯ ಗ್ಲೋಬಲಿಂಕ್ ಇಂಟರ್ನ್‌ಶಿಪ್ 12 ವಾರದ್ದು. ಜರ್ಮನಿಗೆ ಹೋಗುವವರಿಗೆ ಡಾಡ್ (DAAD) ಎಂಬ ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆಯ ವೈಸ್ (WISE) ವಿದ್ಯಾರ್ಥಿವೇತನವಿದೆ. ಇದಕ್ಕೆ ಅಲ್ಲಿನ ಪ್ರೊಫೆಸರರ ಒಪ್ಪಿಗೆ ಪತ್ರವನ್ನು ನೀವೇ ಮೊದಲು ತರಬೇಕು. ಅದೇ ಡಾಡ್‌ನ ರೈಸ್ (RISE) ಎಂಬ ಇಂಟರ್ನ್‌ಶಿಪ್ ನೋಡಿ ಆಸೆಪಡಬೇಡಿ, ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್ ಕಾಲೇಜುಗಳವರಿಗೆ. ಅಮೆರಿಕದ ಸರ್ಕಾರಿ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್ ದುಡ್ಡಿನಲ್ಲಿ ನಡೆಯುವ ಆರ್‌ಇಯು ಎಂಬ ಬೇಸಿಗೆ ರಿಸರ್ಚ್ ಕೂಡ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅರ್ಹತೆಯ ಸಾಲುಗಳನ್ನು ಮೊದಲು ಓದಿದರೆ ಅರ್ಧ ಶ್ರಮ ಉಳಿಯುತ್ತದೆ.

ಲಕ್ಷಗಟ್ಟಲೆ ಕಟ್ಟಿಸಿಕೊಂಡು ಹತ್ತು ದಿನ ಕ್ಯಾಂಪಸ್ ಸುತ್ತಿಸಿ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ದೇಶ ನೋಡುವ ಆಸೆಯಿದ್ದರೆ ಧಾರಾಳವಾಗಿ ಹೋಗಿ ಬನ್ನಿ. ರಿಸರ್ಚ್ ಎಂದು ಮಾತ್ರ ರೆಸ್ಯೂಮೆಯಲ್ಲಿ ಹಾಕಬೇಡಿ.

ಹಾಗಾದರೆ ಕಷ್ಟ ಎಲ್ಲಿದೆ? ನೀವು ಏನು ಮಾಡಿದ್ದೀರಿ ಎಂದು ತೋರಿಸುವುದರಲ್ಲಿ. "ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಮಚ್ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಲ್ಯಾಬ್" ಎಂದು ನಲವತ್ತು ಜನರಿಗೆ ಕಳಿಸಿದ ಮೇಲ್ ನಲವತ್ತು ಕಡೆಯೂ ಕಸದ ಬುಟ್ಟಿಗೇ. ನಮ್ಮ ಮೆಕ್ಯಾನಿಕಲ್ ಹುಡುಗನೊಬ್ಬ ಬೇರೆ ಥರ ಬರೆದ. ಚೌಕ ಡಬ್ಬಿಯ ತುಂಬ ದ್ರವ, ಮೇಲಿನ ಮುಚ್ಚಳ ಒಂದೇ ಸಮನೆ ಜಾರುತ್ತಿದೆ, ಒಳಗೆ ಸುಳಿ ಹೇಗೆ ಏಳುತ್ತದೆ? ದ್ರವಚಲನೆ ಕಲಿಯುವವರೆಲ್ಲ ಬಿಡಿಸುವ ಹಳೆಯ ಲೆಕ್ಕ. ಇವನು ಪುಕ್ಕಟೆ ಸಿಗುವ ಓಪನ್‌ಫೋಮ್ ಸಾಫ್ಟ್‌ವೇರಿನಲ್ಲಿ ಬಿಡಿಸಿ, ರೆನಾಲ್ಡ್ಸ್ ಸಂಖ್ಯೆ (ದ್ರವದ ಜಿಗುಟಿಗೆ ಹೋಲಿಸಿದರೆ ಹರಿವಿನ ರಭಸ ಎಷ್ಟೆಂದು ಹೇಳುವುದು) 1000ಕ್ಕೆ ಬಂದ ವೇಗವನ್ನು ಇದೇ ಲೆಕ್ಕಕ್ಕೆ ಎಲ್ಲರೂ ಹೋಲಿಸಿ ನೋಡುವ 1982ರ ಘಿಯಾ ಪ್ರಬಂಧದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದ. ಗೋಡೆಯ ಹತ್ತಿರ ತಾಳೆಯಾಗಲಿಲ್ಲ. ಅಲ್ಲಿ ಗ್ರಿಡ್, ಅಂದರೆ ಲೆಕ್ಕಕ್ಕಾಗಿ ಡಬ್ಬಿಯನ್ನು ಭಾಗಮಾಡಿದ ಚೌಕಗಳನ್ನು, ಸಣ್ಣದು ಮಾಡಿದ, ಗ್ರಾಫಿನ ಗೆರೆ ಆ ಅಂಕಿಗಳ ಮೇಲೆ ಕೂತಿತು. ಮೇಲ್‌ನಲ್ಲಿ ಇದ್ದದ್ದು ಇಷ್ಟೇ, ಜೊತೆಗೊಂದು ಗ್ರಾಫು ಮತ್ತು ಆ ಪ್ರೊಫೆಸರರ ಇತ್ತೀಚಿನ ಪ್ರಬಂಧದ ಬಗ್ಗೆ ಒಂದು ಪ್ರಶ್ನೆ. ಉತ್ತರ ಬಂತು. ಕಾಲೇಜು ಯಾವುದು ಎಂದು ಅವರು ಕೇಳಲೇ ಇಲ್ಲ.

ಇನ್ನೊಂದು, ಶಿಫಾರಸು ಪತ್ರ. "ಈತನ ನಡತೆ ಉತ್ತಮ" ಎಂದು ಎಚ್‌ಒಡಿ ಸಹಿ ಹಾಕಿದ್ದು ಅಲ್ಲಿ ನಡೆಯುವುದಿಲ್ಲ. ನಿಮ್ಮ ಕೆಲಸ ಹತ್ತಿರದಿಂದ ಕಂಡವರು ಬರೆಯಬೇಕು. ಅದಕ್ಕೇ ಎರಡನೇ ವರ್ಷದಲ್ಲಿ ಇಲ್ಲೇ ಶುರುಮಾಡಿ ಅನ್ನುತ್ತೇನೆ: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಫೆಲೋಶಿಪ್, ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದ್ದು. (ಅಕಾಡೆಮಿಯದ್ದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದು. ನನ್ನ ಸಹೋದ್ಯೋಗಿಗಳು ಈ ಸಾಲನ್ನು ಎರಡು ಸಲ ಓದಲಿ.)

ಕೈಯಿಂದ ಖರ್ಚೇ ಇಲ್ಲವೆಂದಲ್ಲ. ಕೆಲವು ಕಡೆ ಟಿಕೆಟ್ ದುಡ್ಡು ಮೊದಲು ನೀವೇ ಹಾಕಬೇಕು, ಆಮೇಲೆ ವಾಪಸ್ ಬರುತ್ತದೆ, ಅಷ್ಟು ಹೊಂದಿಸಿಟ್ಟಿರಿ. ವೀಸಾಕ್ಕೆ ಓಡಾಟವಿದೆ. ಜರ್ಮನಿಯಲ್ಲಿ 90 ದಿನಕ್ಕಿಂತ ಹೆಚ್ಚಿದ್ದರೆ ಬೇರೆಯೇ ವೀಸಾ.

ಬೇಸಿಗೆಯಲ್ಲಿ ಹೋಗಬೇಕಾದರೆ ಐದನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೇ ತಯಾರಿರಬೇಕು. ಮೈಟ್ಯಾಕ್ಸ್ ಅರ್ಜಿ ಸೆಪ್ಟೆಂಬರಿಗೇ ಮುಗಿದುಹೋಗುತ್ತದೆ. ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟ್ ಮಾಡಿಸಿ. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ "ಮಂಜುನಾಥ ಎಸ್ ಕೆ" ಎಂದಿರುತ್ತದೆ, ಪಾಸ್‌ಪೋರ್ಟಿನವರಿಗೆ ಆ ಎಸ್ ಮತ್ತು ಕೆ ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಇನ್ನೊಂದು ಥರ. ಮೂರನ್ನೂ ಒಂದೇ ಮಾಡಿಸಲು ಎಷ್ಟು ದಿನ ಹಿಡಿಯುತ್ತದೆಂದು ಹೇಳಲಾಗದು, ಈ ರಜೆಯಲ್ಲೇ ಕೈಹಚ್ಚಿ.